ತೂಕ ಕೇಳದೆ ತಿಂದ ಮೀನು

ಮೀನು ಚೆನ್ನಾಗಿಯೇ ಇತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಂಡದ ಮೇಲೆ ಸುಟ್ಟು, ಆಲಿವ್ ಎಣ್ಣೆ, ನಿಂಬೆರಸ ಹಾಕಿ ಇಡೀ ಮೀನನ್ನೇ ತಂದಿಟ್ಟಿದ್ದರು. ನಾವು ಕೂತಿದ್ದ ಮೇಜಿನ ಪಕ್ಕದಲ್ಲೇ ಸಮುದ್ರ. ಅಮ್ಮ ತಲೆಯ ಭಾಗವನ್ನು ತಾವೇ ಹಾಕಿಸಿಕೊಂಡು ನಿಧಾನವಾಗಿ ಚೀಪಿ ತಿಂದರು. ಕೈ ಒರೆಸಿಕೊಳ್ಳುತ್ತಾ, "ಇದಕ್ಕೆ ಎಷ್ಟ್ ಅಂದ್ ಕೇಂಡ್ಯಾ ಮಗಾ?" ಎಂದರು.

ನಾನು ಕೇಳಿರಲಿಲ್ಲ.

ಇದು ನಡೆದಿದ್ದು ಗ್ರೀಸ್‌ನ ಸಾಂಟೊರಿನಿ ದ್ವೀಪದಲ್ಲಿ. ನಾನು, ನನ್ನ ಗಂಡ, ಅಮ್ಮ, ಮೂರೂ ಜನ ಸೆಪ್ಟೆಂಬರ್‌ನಲ್ಲಿ ಹತ್ತು ದಿನಕ್ಕೆ ಹೋಗಿದ್ದೆವು. ಅಮ್ಮ ಕುಂದಾಪುರದವರು. ಮೀನಿನ ಕಿವಿ ಎತ್ತಿ ಒಳಗಿನ ಕೆಂಪು ನೋಡದೆ, ಮೈಯನ್ನು ಬೆರಳಲ್ಲಿ ಒತ್ತಿ ನೋಡದೆ ಒಂದು ಬಂಗಡೆಯನ್ನೂ ಚೀಲಕ್ಕೆ ಹಾಕಿಸಿಕೊಂಡವರಲ್ಲ. ಅಂಥವರನ್ನು ಆವತ್ತು ಸುಮ್ಮನೆ ಕೂರಿಸಿದ್ದು ನಾನು. ಆ ಬೇಜಾರು ನನಗೆ ಇನ್ನೂ ಇದೆ.

ಹೊರಡುವ ಮುಂಚೆ ನಾವು ಮೋಸಗಳ ಬಗ್ಗೆ ಸಾಕಷ್ಟು ಓದಿಕೊಂಡಿದ್ದೆವು. ಅಥೆನ್ಸ್ ಮೆಟ್ರೋದಲ್ಲಿ ಬ್ಯಾಗನ್ನು ಎದೆಗೆ ಅವಚಿಕೊಂಡೇ ನಿಂತೆವು. ಬೀದಿಯಲ್ಲಿ ಯಾರೋ ಬಂದು ಸ್ನೇಹದ ಕಾಣಿಕೆ ಅಂತ ಕೈಗೆ ದಾರ ಕಟ್ಟಲು ಬಂದಾಗ ಕೈ ಹಿಂದಕ್ಕೆ ಎಳೆದುಕೊಂಡೆವು. ಕಟ್ಟಿಸಿಕೊಂಡರೆ ದುಡ್ಡು ಕೇಳುತ್ತಾರೆ, ಬಿಚ್ಚುವುದೂ ಕಷ್ಟ. ಪಿರೇಯಸ್ ಬಂದರಿನಿಂದ ಸಾಂಟೊರಿನಿಗೆ ದೊಡ್ಡ ಹಡಗಿನಲ್ಲಿ ಸುಮಾರು ಎಂಟು ಗಂಟೆ ದಾರಿ. ಹಡಗಿನಲ್ಲಿ ಅರ್ಧ ಲೀಟರ್ ನೀರಿನ ಬಾಟಲಿ 50 ಸೆಂಟ್‌ಗೇ ಸಿಕ್ಕಿತು. ಅಮ್ಮನಿಗೆ ಸಮಾಧಾನ, "ಪರವಾಗಿಲ್ಲ, ನ್ಯಾಯವಾಗಿದ್ದಾರೆ" ಎಂದರು.

ಹಡಗು ನಿಲ್ಲುವುದು ಅಥಿನಿಯೋಸ್ ಎಂಬ ಕಡೆ. ಮೇಲೆ ನೋಡಿದರೆ ಬರೀ ಬಂಡೆಯ ಗೋಡೆ, ಅದರ ಮೇಲೆ ಹಾವಿನ ಹಾಗೆ ಸುತ್ತಿಕೊಂಡು ಹೋಗುವ ರಸ್ತೆ. ಹಡಗಿನ ಬಾಗಿಲು ತೆರೆದ ಕೂಡಲೇ ನೂರಾರು ಜನ ಪೆಟ್ಟಿಗೆ ಎಳೆದುಕೊಂಡು ಒಟ್ಟಿಗೆ ಇಳಿಯುತ್ತಾರೆ. ಎದುರಿಗೆ ಫಲಕ ಹಿಡಿದ ವ್ಯಾನಿನವರ ಸಾಲು. ಒಬ್ಬರು ಅಮ್ಮನ ಪೆಟ್ಟಿಗೆಗೆ ಕೈ ಹಾಕಿಯೇ ಬಿಟ್ಟರು. "ಇವತ್ತು ಬಸ್ ಇಲ್ಲ, ತಲೆಗೆ ಇಪ್ಪತ್ತೈದು ಯೂರೋ" ಅಂದರು. ನನ್ನ ಗಂಡ ಮಾತಾಡದೆ ವ್ಯಾನುಗಳ ಹಿಂದಕ್ಕೆ ನಡೆದು ಹೋದರು. ಬಸ್ ಅಲ್ಲೇ ನಿಂತಿತ್ತು! ಹಡಗಿನ ಹೊತ್ತಿಗೆ ಸರಿಯಾಗಿ ಬರುವ ಕ್ತೆಲ್ ಬಸ್, ಅಂದರೆ ಅಲ್ಲಿನ ಸಾರ್ವಜನಿಕ ಬಸ್. ಟಿಕೆಟನ್ನು ಒಳಗೇ ಕಂಡಕ್ಟರ್ ಕೊಡುತ್ತಾರೆ, ಚಿಲ್ಲರೆ ಇಟ್ಟುಕೊಂಡಿರಬೇಕು ಅಷ್ಟೇ. ಮೂವರಿಗೂ ಸೇರಿ ಹತ್ತು ಯೂರೋ ಕೂಡ ಆಗಲಿಲ್ಲ. ಕಂಡಕ್ಟರ್ ಸೀಟುಗಳ ನಡುವೆ ಒರಗಿಕೊಂಡು ಟಿಕೆಟ್ ಹರಿಯುತ್ತಾ, ಊರಿನ ಹೆಸರು ಕೂಗುತ್ತಾ ಬರುವುದನ್ನು ನೋಡಿ ಅಮ್ಮನಿಗೆ ಕುಂದಾಪುರ ಬಸ್‌ಸ್ಟ್ಯಾಂಡೇ ನೆನಪಾಯಿತು.

ಹೀಗೆ ಮೊದಲ ದಿನ ಗೆದ್ದೆವು. ಎರಡನೇ ದಿನ ಊಟಕ್ಕೆ ಹೋದೆವು.

ಸಮುದ್ರದ ದಂಡೆಯಲ್ಲಿ ನಾಲ್ಕಾರು ತವೆರ್ನಾಗಳು. ಅಂದರೆ ಅಲ್ಲಿನ ಊಟದ ಮನೆಗಳು. ಒಂದರ ಮುಂದೆ ನಿಂತಿದ್ದವರು ನಗುನಗುತ್ತಾ ನಮಸ್ತೆ ಅಂದರು, ಅಮ್ಮನಿಗೆ ಕುರ್ಚಿ ಎಳೆದುಕೊಟ್ಟರು, ಇಂಡಿಯಾ ಅಂದರೆ ನನಗೆ ತುಂಬಾ ಇಷ್ಟ ಅಂದರು. ಬೆಲೆ ಪಟ್ಟಿ ಕೊಟ್ಟವರು ನಾವು ತೆರೆಯುವ ಮೊದಲೇ, "ಅದೆಲ್ಲ ಬಿಡಿ, ಇವತ್ತು ಬೆಳಿಗ್ಗೆ ಬಂದ ಮೀನು ತೋರಿಸುತ್ತೇನೆ" ಅಂತ ಒಳಗೆ ಹೋದರು. ಒಂದು ದೊಡ್ಡ ತಟ್ಟೆ ತಂದರು. ಐಸಿನ ಮೇಲೆ ಐದಾರು ಮೀನು. ಒಂದು ಕೆಂಪಗೆ, ನಮ್ಮ ಕಡೆಯ ಕೆಂಬೇರಿಯ ಹಾಗೆ. ಅವರ ಭಾಷೆಯಲ್ಲಿ ಫಗ್ರಿ. "ನಿಮ್ಮ ಮೂವರಿಗೆ ಇದು ಸರಿ" ಅಂತ ಅವರೇ ಹೇಳಿದರು.

ಅಮ್ಮ ಆಗಲೇ ಕನ್ನಡಕ ಸರಿ ಮಾಡಿಕೊಂಡು ಮೀನಿನ ಕಿವಿಗೆ ಕೈ ಚಾಚಿದ್ದರು. "ತೂಕ ಮಾಡಿ ತೋರ್ಸುಕೆ ಹೇಳ್ ಮಗಾ" ಎಂದರು. ನಾನು ಅವರ ಕೈ ಮೆಲ್ಲಗೆ ಹಿಡಿದುಕೊಂಡೆ. "ಅಮ್ಮಾ ಸುಮ್ನಿರಿ, ಇಲ್ಲೆಲ್ಲ ಹಾಗೆ ಕೇಳಬಾರದು" ಅಂದೆ.

ಯಾಕೆ ಹಾಗಂದೆ? ಪಕ್ಕದ ಮೇಜಿನವರು ಯಾರೂ ತೂಕ, ಬೆಲೆ ಅಂತ ವಿಚಾರಿಸುತ್ತಿರಲಿಲ್ಲ. ಆ ಮನುಷ್ಯ ಅಷ್ಟು ಪ್ರೀತಿಯಿಂದ ಮಾತಾಡಿಸಿದ್ದಾರೆ, ಈಗ ದುಡ್ಡಿನ ಮಾತೆತ್ತಿದರೆ ಏನಂದುಕೊಳ್ಳುತ್ತಾರೋ ಅನ್ನಿಸಿತು. ಬೆಂಗಳೂರಿನಲ್ಲಿ ಒಂದು ಮೊಳ ಹೂವಿಗೂ ಹತ್ತು ಮಾತಾಡುವವಳು ನಾನು. ಊರು ಬಿಟ್ಟು ಬಂದ ಕೂಡಲೇ ಎಲ್ಲಿಂದಲೋ ಬರುತ್ತದೆ ಈ ದಾಕ್ಷಿಣ್ಯ.

ಬಿಲ್ ಬಂತು. ಒಂದು ಚೀಟಿಯಲ್ಲಿ ಕೈಯಲ್ಲಿ ಬರೆದ ಒಂದೇ ಸಂಖ್ಯೆ, 119. ವಿವರ ಕೊಡಿ ಅಂತ ನನ್ನ ಗಂಡ ಕೇಳಿದ ಮೇಲೆ ಸರಿಯಾದ ರಸೀದಿ ಬಂತು. ಮೀನು 1.2 ಕಿಲೊ, ಕಿಲೊಗೆ 75 ಯೂರೋ, ಅದೇ 90. ನಾವು ಕೇಳದೆ ತಂದಿಟ್ಟ ಬ್ರೆಡ್‌ಗೆ ತಲೆಗೆ ಒಂದೂವರೆ ಯೂರೋ. ನೀರಿಗೆ 4. ಸಲಾಡ್‌ಗೆ 14. ಆಲೂಗಡ್ಡೆಗೆ ಆರೂವರೆ. ಆಮೇಲೆ ಬೆಲೆ ಪಟ್ಟಿ ತೆರೆದು ನೋಡಿದರೆ ಮೀನಿನ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದೇ ಇದೆ: ಬೆಲೆ ಕಿಲೊಗೆ. ಗ್ರೀಸ್‌ನಲ್ಲಿ ಇಡೀ ಮೀನನ್ನು ಮಾರುವುದು ಹೆಚ್ಚಾಗಿ ಹಾಗೇ, ಹಸಿ ಮೀನಿನ ತೂಕದ ಮೇಲೆ. ಅದರಲ್ಲಿ ತಪ್ಪಿಲ್ಲ. ಆದರೆ ತೂಗಿದ್ದನ್ನು ನಾವು ನೋಡಲಿಲ್ಲವಲ್ಲ! ಅಮ್ಮ ತಟ್ಟೆಯಲ್ಲಿ ಉಳಿದಿದ್ದ ಮುಳ್ಳಿನ ಉದ್ದ ನೋಡಿ, "ಹಸಿ ಇದ್ದಾಗಳೂ ಇದು ಎಂಟುನೂರು ಗ್ರಾಂ ದಾಟುದಿಲ್ಲ" ಎಂದರು. ಐವತ್ತು ವರ್ಷ ಮೀನು ಕೊಂಡ ಕಣ್ಣು ಅದು. ನಾನು ಅಮ್ಮನ ಮಾತನ್ನೇ ನಂಬುತ್ತೇನೆ. ಆದರೆ ತಿಂದ ಮೀನನ್ನು ತಕ್ಕಡಿಗೆ ಹಾಕುವುದು ಹೇಗೆ?

ಅಲ್ಲಿಗೂ ಮುಗಿಯಲಿಲ್ಲ. ಕಾರ್ಡ್ ಮೆಷಿನ್ ತಂದವರು ಪರದೆಯ ಮೇಲೆ ಏನೋ ಒತ್ತಿ ನಮ್ಮ ಮುಂದೆ ಹಿಡಿದರು. ನನ್ನ ಗಂಡ ಪಿನ್ ಹಾಕಿದರು. ಚೀಟಿ ನೋಡಿದರೆ ಯೂರೋ ಬದಲು ರೂಪಾಯಿ: 11,781. ಆಗ ಯೂರೋಗೆ 93 ರೂಪಾಯಿ ಆಸುಪಾಸು ಇತ್ತು. ಮೆಷಿನ್ ಹಿಡಿದಿದ್ದು 99. ಯೂರೋನಲ್ಲೋ ರೂಪಾಯಿಯಲ್ಲೋ ಅಂತ ಮೆಷಿನ್ ಕೇಳುತ್ತದೆ. ಆರಿಸುವ ಹಕ್ಕು ನಮ್ಮದು, ಒತ್ತಿದ್ದು ಅವರು. ನಮ್ಮ ದುಡ್ಡಿನಲ್ಲೇ ಕಾಣಿಸುವುದರಿಂದ ಅನುಕೂಲ ಅಂತ ಅನ್ನಿಸುತ್ತದೆ. ಆದರೆ ಆ ದರದಲ್ಲಿ ಅವರ ಲಾಭ ಸೇರಿರುತ್ತದೆ. ಎಟಿಎಂಗಳೂ ಇದೇ ಪ್ರಶ್ನೆ ಕೇಳುತ್ತವೆ. ಯಾವಾಗಲೂ ಯೂರೋ ಒತ್ತಬೇಕು. ದುಡ್ಡು ತೆಗೆಯುವಾಗಲೂ ಪ್ರವಾಸಿ ಬೀದಿಯಲ್ಲಿ ಎದ್ದು ಕಾಣುವ ಬಿಡಿ ಎಟಿಎಂ ಬಿಟ್ಟು, ಯಾವುದಾದರೂ ಬ್ಯಾಂಕಿನ ಗೋಡೆಯಲ್ಲೇ ಇರುವುದನ್ನು ಹುಡುಕಿಕೊಂಡು ಹೋಗುವುದು ಒಳ್ಳೆಯದು. ಬ್ಯಾಂಕಿನದೂ ಶುಲ್ಕ ಹಿಡಿಯಬಹುದು, ಬಿಡಿ ಎಟಿಎಂನದು ಸಾಮಾನ್ಯವಾಗಿ ಜಾಸ್ತಿ.

ಬಸ್ಸಿನಲ್ಲಿ ವಾಪಸ್ ಬರುವಾಗ ಯಾರೂ ಮಾತಾಡಲಿಲ್ಲ. ಕೊನೆಗೆ ಅಮ್ಮನೇ, "ದಾಕ್ಷಿಣ್ಯಕ್ಕೆ ಬಸಿರಾದ ಹಾಗಾಯ್ತ್" ಎಂದರು. ಬೈಯುವ ದನಿ ಇರಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿತು.

ನಾವು ಉಳಿದುಕೊಂಡಿದ್ದ ಮನೆಯ ಯಜಮಾನತಿ ಆ ರಾತ್ರಿ ನಮ್ಮ ಮುಖ ನೋಡಿಯೇ ಏನಾಯ್ತು ಅಂತ ಕೇಳಿದರು. ರಸೀದಿ ತೋರಿಸಿದೆ. ಅವರಿಗೆ ನಿಜವಾಗಿಯೂ ನೋವಾಯಿತು. ತಮ್ಮ ಊರಿನ ಹೆಸರು ಕೆಡುತ್ತದಲ್ಲ ಅಂತ. ಎರಡು ವಿಷಯ ಹೇಳಿಕೊಟ್ಟರು. ಒಂದು, ಗ್ರೀಸ್‌ನಲ್ಲಿ ರಸೀದಿ ಕೊಡದಿದ್ದರೆ ಗ್ರಾಹಕ ದುಡ್ಡು ಕೊಡಬೇಕಾಗಿಲ್ಲ. ಇದನ್ನು ಅಂಗಡಿಯಲ್ಲಿ, ಬೆಲೆ ಪಟ್ಟಿಯಲ್ಲಿ ಬರೆದು ಹಾಕಿರುತ್ತಾರೆ, ಇಂಗ್ಲಿಷ್‌ನಲ್ಲೂ ಇರುತ್ತದೆ. ಮಾರನೇ ದಿನದಿಂದ ನೋಡಿದರೆ ಎಲ್ಲ ಕಡೆ ಆ ಸಾಲು ಕಾಣಿಸಿತು. ನಾವು ಅಲ್ಲಿಯವರೆಗೆ ಓದಿಯೇ ಇರಲಿಲ್ಲ. ಜಗಳಕ್ಕೆ ಬಂದರೆ ಪ್ರವಾಸಿ ಪೊಲೀಸರ ನಂಬರ್ 1571 ಇದೆ. ಇನ್ನೊಂದು ವಿಷಯ ಮೂರು ಪದಗಳು: "ಪೋಸೊ ತೊ ಕಿಲೊ?" ಕಿಲೊಗೆ ಎಷ್ಟು?

ಅಮ್ಮ ಅದನ್ನು ಒಂದೇ ಸಲಕ್ಕೆ ಕಲಿತರು. ಕಿಲೊ ನಮ್ಮದೇ ಕಿಲೊ ಅಲ್ವಾ! ಮಲಗುವ ತನಕ ಹೇಳಿಕೊಳ್ಳುತ್ತಲೇ ಇದ್ದರು.

ಆಮೇಲಿನ ದಿನಗಳಲ್ಲಿ ಎಲ್ಲ ಕಡೆ ಮೊದಲೇ ಕೇಳಿದೆವು. ನನ್ನ ಗಂಡನಿಗೆ ನಾಲ್ಕು ಚಕ್ರದ ಬೈಕ್ ಬಾಡಿಗೆಗೆ ಬೇಕಿತ್ತು. ಊರಿನ ಆರ್‌ಟಿಒದಲ್ಲಿ ಮಾಡಿಸಿದ ಅಂತರರಾಷ್ಟ್ರೀಯ ಪರವಾನಗಿ ಇತ್ತು. ಆದರೆ ಮೊದಲ ಅಂಗಡಿಯವರು ಪಾಸ್‌ಪೋರ್ಟ್ ಒತ್ತೆ ಇಡಿ ಅಂದರು. ಪಾಸ್‌ಪೋರ್ಟ್ ಅವರ ಕೈಯಲ್ಲಿದ್ದರೆ ಇಲ್ಲದ ಗೀರಿಗೂ ದುಡ್ಡು ಕೊಟ್ಟೇ ಬಿಡಿಸಿಕೊಳ್ಳಬೇಕಾಗುತ್ತದೆ. ಬೇಡ ಅಂತ ಹೊರಗೆ ಬಂದೆವು. ಎರಡನೇ ಅಂಗಡಿಯಲ್ಲಿ ಒಬ್ಬ ಹುಡುಗ ತಾನೇ, "ಮೊಬೈಲ್‌ನಲ್ಲಿ ಸುತ್ತ ವಿಡಿಯೋ ತೆಗೆದುಕೊಳ್ಳಿ, ಹಳೆಯ ಗೀರು ಇಲ್ಲಿ, ಇಲ್ಲಿ" ಅಂತ ತೋರಿಸಿದ. ಪೂರ್ತಿ ವಿಮೆ ಅಂತ ಬರೆದಿದ್ದರೂ ಟೈರಿಗೂ ಗಾಡಿಯ ಅಡಿಭಾಗಕ್ಕೂ ಅದು ಅನ್ವಯಿಸುವುದಿಲ್ಲ ಅಂತಲೂ ಅವನೇ ಹೇಳಿದ. ಅಂಥ ಹುಡುಗರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ.

ದೋಣಿ ಪ್ರವಾಸ ಮಾರುವವರ ಹತ್ತಿರವೂ ಕೇಳಿದೆವು. ಜ್ವಾಲಾಮುಖಿ, ಬಿಸಿನೀರ ಬುಗ್ಗೆ ಅಂತ ಚಿತ್ರ ತೋರಿಸುತ್ತಾರೆ. ಕೇಳಿದ ಮೇಲೆ ಗೊತ್ತಾಗಿದ್ದು, ನೇಯಾ ಕಮೆನಿ ದ್ವೀಪದ ಜ್ವಾಲಾಮುಖಿ ಹತ್ತಲು ಬೇರೆ ಟಿಕೆಟ್. ಬುಗ್ಗೆಯ ನೀರು ಬಿಸಿ ಅನ್ನುವುದಕ್ಕಿಂತ ಉಗುರು ಬೆಚ್ಚಗೆ. ಮೇಲಾಗಿ ದೋಣಿ ದೂರದಲ್ಲೇ ನಿಲ್ಲುತ್ತದೆ, ಅಲ್ಲಿಂದ ಈಜಿಕೊಂಡೇ ಹೋಗಬೇಕು. ಅಮ್ಮನಿಗೆ ಈಜು ಬರುವುದಿಲ್ಲ. ಆ ದುಡ್ಡು ಉಳಿಯಿತು. ಅದರ ಬದಲು ಅಕ್ರೋತಿರಿಯಲ್ಲಿ ಬೂದಿಯ ಅಡಿಯಿಂದ ಅಗೆದು ತೆಗೆದ ಮೂರೂವರೆ ಸಾವಿರ ವರ್ಷ ಹಳೆಯ ಊರು ನೋಡಿದೆವು. ಅಲ್ಲಿನ ದೊಡ್ಡ ಮಣ್ಣಿನ ಹಂಡೆಗಳ ಮುಂದೆ ಅಮ್ಮ ತುಂಬಾ ಹೊತ್ತು ನಿಂತಿದ್ದರು.

ಐದನೇ ದಿನ ನಾಕ್ಸೋಸ್ ದ್ವೀಪಕ್ಕೆ ಹೋದೆವು. ಸಾಂಟೊರಿನಿಯಷ್ಟು ನೂಕುನುಗ್ಗಲಿಲ್ಲ. ಹೊಲ, ದನ, ಚೀಸು, ಆಲೂಗಡ್ಡೆಯ ಊರು. ಸಂಜೆ ಬಂದರಿನ ಹಿಂದಿನ ಓಣಿಯಲ್ಲಿ ಒಂದು ಸಣ್ಣ ತವೆರ್ನಾ ಕಂಡಿತು. ಬಾಗಿಲಲ್ಲಿ ಕರೆಯುವವರು ಯಾರೂ ಇಲ್ಲ. ಬೆಲೆ ಪಟ್ಟಿ ಹೊರಗೇ ತೂಗುಹಾಕಿತ್ತು, ತಾಜಾ ಅಲ್ಲದ, ಹೆಪ್ಪುಗಟ್ಟಿಸಿಟ್ಟ ಮೀನಿನ ಹೆಸರಿನ ಪಕ್ಕದಲ್ಲಿ ನಕ್ಷತ್ರದ ಗುರುತು. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಐಸಿನ ಮೇಲೆ ಮೀನು, ಅದರ ಹಿಂದೆ ಏಪ್ರನ್ ಕಟ್ಟಿಕೊಂಡ, ಅಮ್ಮನ ವಯಸ್ಸಿನ ಒಬ್ಬ ಹೆಂಗಸು.

ಅಮ್ಮ ನನ್ನ ಮುಖ ನೋಡಿದರು. ನಾನು ಈ ಸಲ ಕೈ ಹಿಡಿಯಲಿಲ್ಲ.

"ಪೋಸೊ ತೊ ಕಿಲೊ?" ಎಂದರು ಅಮ್ಮ.

ಆ ಹೆಂಗಸಿನ ಹುಬ್ಬು ಮೇಲೇರಿತು. ಆಮೇಲೆ ಗಾಜಿನ ಬಾಗಿಲು ಸರಿಸಿ ಅಮ್ಮನನ್ನು ಒಳಗೇ ಕರೆದರು. ಬಂದಷ್ಟು ಇಂಗ್ಲಿಷ್‌ನಲ್ಲಿ, ಇದು ಸಾಕಿದ್ದು, ಇದು ಸಮುದ್ರದ್ದು, ಇದಕ್ಕೆ ಇಷ್ಟು, ಅದಕ್ಕೆ ಅಷ್ಟು ಅಂತ ಬೆರಳು ಇಟ್ಟು ಹೇಳಿದರು. ಅಮ್ಮ ಒಂದೊಂದರ ಕಿವಿ ಎತ್ತಿ ನೋಡಿದರು. ಒಂದನ್ನು ಬೇಡ ಅಂದರು. ಇನ್ನೊಂದನ್ನು ಒತ್ತಿ ನೋಡಿ ತಲೆಯಾಡಿಸಿದರು. ಆ ಹೆಂಗಸೂ ಅದೇ ಸರಿ ಅನ್ನುವ ಹಾಗೆ ತಲೆಯಾಡಿಸಿದರು. ಬೆಳ್ಳಗೆ ಹೊಳೆಯುವ, ತ್ಸಿಪುರಾ ಅನ್ನುವ ಮೀನು. ತಕ್ಕಡಿಯ ಮುಖವನ್ನು ನಮ್ಮ ಕಡೆ ತಿರುಗಿಸಿ ಇಟ್ಟರು: 640 ಗ್ರಾಂ. ಕಿಲೊಗೆ 50, ಅಂದರೆ 32 ಯೂರೋ. ಬ್ರೆಡ್ ಬೇಕಾ ಅಂತ ಮೊದಲೇ ಕೇಳಿದರು.

ಊಟ ಮುಗಿದ ಮೇಲೆ ಅವರೇ ಒಂದು ತಟ್ಟೆ ತುಂಬಾ ಕಲ್ಲಂಗಡಿ ತಂದಿಟ್ಟರು. ಅಮ್ಮ ತಟ್ಟೆಯನ್ನು ಮೆಲ್ಲಗೆ ವಾಪಸ್ ತಳ್ಳಿದರು. "ನಾವು ಹೇಳಲಿಲ್ಲ ಅಂತ ಹೇಳು" ಎಂದರು ನನಗೆ. ನಾನು ಹೇಳಿದೆ. ಅವರು ಕೈಯನ್ನು ಎದೆಗೆ ಇಟ್ಟುಕೊಂಡು "ಕೆರಾಸ್ಮಾ" ಅಂದರು. ಆ ಪದ ನಾನು ಓದಿದ್ದೆ. ಮನೆಯವರ ಕಡೆಯಿಂದ ಕೊಡುವ ಉಪಚಾರ, ಅದಕ್ಕೆ ದುಡ್ಡಿಲ್ಲ. ರಸೀದಿಯಲ್ಲೂ ಅದು ಇರಲಿಲ್ಲ. ಕಾರ್ಡ್ ಮೆಷಿನ್ ಕೈಗೆ ಬಂದಾಗ ನನ್ನ ಗಂಡ ಯೂರೋ ಒತ್ತಿದರು.

ಕಲ್ಲಂಗಡಿ ಖಾಲಿಯಾಯಿತು. ಬಂದ ತಟ್ಟೆಯನ್ನು ಬರಿದಾಗಿ ವಾಪಸ್ ಕೊಡುವ ಅಭ್ಯಾಸ ಅಮ್ಮನಿಗಿಲ್ಲ. ಬ್ಯಾಗಿನಲ್ಲಿ ಹುಡುಕಿ, ಊರಿಂದ ತಂದಿದ್ದ ಎಳ್ಳು ಚಿಕ್ಕಿಯ ನಾಲ್ಕು ತುಂಡು ತಟ್ಟೆಯಲ್ಲಿಟ್ಟು ಕೊಟ್ಟರು. ಆ ಹೆಂಗಸು ಒಂದು ತುಂಡು ಬಾಯಿಗೆ ಹಾಕಿಕೊಂಡು ಒಂದು ಕ್ಷಣ ಸುಮ್ಮನಾದರು. ಆಮೇಲೆ "ಪಸ್ತೇಲಿ!" ಅಂತ ಕೂಗಿ ಒಳಗೆ ಓಡಿದರು. ಕಾಗದದಲ್ಲಿ ಸುತ್ತಿದ ಒಂದು ಪಟ್ಟಿ ತಂದು ಅಮ್ಮನ ಕೈಯಲ್ಲಿಟ್ಟರು. ಬಿಡಿಸಿ ನೋಡಿದರೆ ಎಳ್ಳು. ಬೆಲ್ಲದ ಬದಲು ಜೇನು.