ಮಳೆ, ಕರೆಂಟಿಲ್ಲ, ಲಂಡನ್ ರಿವರ್

14 ಜುಲೈ 2024, ಭಾನುವಾರ ರಾತ್ರಿ
ಸೋಮವಾರಪೇಟೆ ಹತ್ತಿರ, ತೋಟದ ಮನೆ

ಬೆಳಗ್ಗೆಯಿಂದ ಒಂದೇ ಸಮನೆ ಮಳೆ. ಕರೆಂಟ್ ನಿನ್ನೆಯೇ ಹೋಗಿದೆ, ಎಲ್ಲೋ ಸಿಲ್ವರ್ ಓಕ್ ಮುರಿದು ಲೈನ್ ಮೇಲೆ ಬಿದ್ದಿರಬೇಕು. ಫೋನಿಗೆ ರೇಂಜೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಸ್ವಲ್ಪ ಉಳಿದಿತ್ತು, ಮಗಳು ಹೋದ ಸಲ ಬಂದಾಗ ಹಾಕಿಕೊಟ್ಟಿದ್ದ ‘ಲಂಡನ್ ರಿವರ್’ ನೋಡಿದೆ. 2009ರ ಸಿನಿಮಾ, ರಶೀದ್ ಬುಶಾರೆಬ್ ನಿರ್ದೇಶನ.

2005ರ ಜುಲೈ 7ಕ್ಕೆ ಲಂಡನ್ನಿನಲ್ಲಿ ಮೂರು ಸುರಂಗ ರೈಲು, ಒಂದು ಬಸ್ಸಿನಲ್ಲಿ ಬಾಂಬ್ ಸಿಡಿದು 52 ಜನ ಸತ್ತರಲ್ಲ, ಅದರ ಮರುದಿನಗಳ ಕಥೆ. ಗರ್ನ್ಸಿ ದ್ವೀಪದಲ್ಲಿ ಹೊಲ ಮಾಡಿಕೊಂಡಿರುವ ವಿಧವೆ, ಮಗಳು ಫೋನ್ ಎತ್ತುತ್ತಿಲ್ಲ ಅಂತ ಲಂಡನ್ನಿಗೆ ಓಡಿ ಬರುತ್ತಾಳೆ. ಮಗಳ ಬಾಡಿಗೆ ಮನೆ ಹಲಾಲ್ ಮಾಂಸದಂಗಡಿಯ ಮೇಲೆ, ಬೀದಿ ತುಂಬ ಮುಸ್ಲಿಮರು, ಸಾಲದ್ದಕ್ಕೆ ಮಗಳು ಅರಬ್ಬಿ ಬೇರೆ ಕಲಿಯುತ್ತಿದ್ದಳಂತೆ. ಇವಳ ಎದೆ ಝಲ್ ಅನ್ನುತ್ತದೆ. ಅಷ್ಟರಲ್ಲಿ ತನ್ನ ಮಗನನ್ನು ಹುಡುಕುತ್ತಾ ಫ್ರಾನ್ಸಿನಿಂದ ಬಂದ ಆಫ್ರಿಕಾದ ಮುದುಕ, ಅಲ್ಲಿ ಕಾಡು ಕಾಯುವ ಕೆಲಸದವನು, ತನ್ನ ಮಗ, ಇವಳ ಮಗಳು ಜೊತೆಗಿರುವ ಫೋಟೊ ಹಿಡಿದು ಎದುರಿಗೆ ನಿಲ್ಲುತ್ತಾನೆ. ಇವಳು ಮಾಡುವ ಮೊದಲ ಕೆಲಸ, ಪೊಲೀಸರಿಗೆ ಹೇಳುವುದು.

ಬ್ರೆಂಡಾ ಬ್ಲೆಥಿನ್ ಆ ತಾಯಿ. ಕೆಟ್ಟವಳಲ್ಲ ಪಾಪ, ಹೆದರಿದವಳು, ಅದೇ ನನಗೆ ಜಾಸ್ತಿ ಚುಚ್ಚಿದ್ದು. ಮುದುಕನ ಪಾತ್ರ ಮಾಡಿದ ಸೊಟಿಗಿ ಕುಯಾಟೆಗೆ ಬರ್ಲಿನ್ ಚಿತ್ರೋತ್ಸವದಲ್ಲಿ ಉತ್ತಮ ನಟ ಪ್ರಶಸ್ತಿ ಬಂತು. ಆತ ಮಾತಾಡುವುದೇ ಕಡಿಮೆ. ನೀಳ ಮೈ, ಕೋಲು, ನಿಧಾನದ ನಡಿಗೆ, ಆ ಮುಖವನ್ನೇ ನೋಡುತ್ತಾ ಕೂರಬಹುದು. ಕೊನೆ ಹೇಳುವುದಿಲ್ಲ, ನೀವೇ ನೋಡಿ. ಮಕ್ಕಳು ಅವತ್ತು ಪ್ಯಾರಿಸ್ಸಿಗೆ ಟಿಕೆಟ್ ಮಾಡಿಸಿದ್ದರು ಅಂತ ಗೊತ್ತಾದಾಗ ಇಬ್ಬರ ಮುಖವೂ ಅರಳುವುದನ್ನು ಮಾತ್ರ ಮರೆಯಲಾರೆ.

ಸಿನಿಮಾ ಮುಗಿದ ಮೇಲೆ ನಿದ್ದೆ ಬರಲಿಲ್ಲ. ಹೋದ ವರ್ಷ ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಆರು ಜನ ಬಂದಿದ್ದರು. ಅವರಲ್ಲಿ ಒಬ್ಬ ಹುಡುಗ, ಗಡ್ಡ ಈಗಷ್ಟೇ ಚಿಗುರಿತ್ತು. ಬಾಂಗ್ಲಾದವರೂ ಹೀಗೇ ಬರುತ್ತಾರೆ ಅಂತ ಯಾರೋ ಸಂತೆಯಲ್ಲಿ ಹೇಳಿದ್ದು ತಲೆಯಲ್ಲಿತ್ತು. ಎಲ್ಲರ ಆಧಾರ್ ಫೋಟೊ ತೆಗೆದುಕೊಂಡೆ, ಇವನದ್ದನ್ನು ಮಾತ್ರ ಎರಡೆರಡು ಸಲ ನೋಡಿದೆ. ಇಲ್ಲೇ ಪಕ್ಕದ ಗಿರಿಜನರ ಹಾಡಿಯಿಂದ ಕೆಲಸಕ್ಕೆ ಬರುವವರ ಆಧಾರ್ ಕೇಳಿದವಳೇ ಅಲ್ಲ ನಾನು.

ಒಂದು ದಿನ ನನ್ನ ಫೋನಿಗೆ ಯಾವುದೋ ಹೆಂಗಸಿನ ಕರೆ. ಭಾಷೆ ಗೊತ್ತಾಗಲಿಲ್ಲ, ನಡುನಡುವೆ ಆ ಹುಡುಗನ ಹೆಸರು ಮಾತ್ರ ಕೇಳುತ್ತಿತ್ತು. ಅವನ ಫೋನ್ ನೀರಿಗೆ ಬಿದ್ದು ಮೂರು ದಿನವಾಗಿತ್ತಂತೆ, ಮೇಸ್ತ್ರಿ ಹತ್ತಿರ ನನ್ನ ನಂಬರ್ ತೆಗೆದುಕೊಂಡಿದ್ದಾಳೆ. ಕಣದಲ್ಲಿ ಕಾಫಿ ಹರಡಿಸುತ್ತಿದ್ದೆ, ಆಮೇಲೆ ಕೊಟ್ಟರಾಯಿತು ಅಂತ ಕಟ್ ಮಾಡಿದೆ. ಕೆಲಸದವರು ಇರುವ ಲೈನ್ ಮನೆ ಇನ್ನೂರು ಹೆಜ್ಜೆಯೂ ಇಲ್ಲ. ಸಂಜೆ ಆರಕ್ಕೆ ಹೋಗಿ ಫೋನ್ ಕೊಟ್ಟೆ. ಅಷ್ಟರೊಳಗೆ ಅವಳು ಹನ್ನೊಂದು ಸಲ ಮಾಡಿದ್ದಳು.

ಈಗ ಹುಡುಕಿದೆ, ನಂಬರ್ ಇನ್ನೂ ಇದೆ. ‘ಅಸ್ಸಾಂ ಲೇಬರ್’ ಅಂತ ಸೇವ್ ಮಾಡಿಕೊಂಡಿದ್ದೇನೆ.