ನೀವು ಈಗ ಕುಣಿಯಲ್ವಾ?

ಗಾಂಧಿ ಬಜಾರಿನಲ್ಲಿ ಸೊಪ್ಪು ಕೊಳ್ಳುವಾಗಲೂ ಈ ಪ್ರಶ್ನೆ ತಪ್ಪಿದ್ದಲ್ಲ. "ಮೇಡಂ, ನೀವು ಈಗ ಸ್ಟೇಜ್ ಹತ್ತೋದೇ ಇಲ್ವಲ್ಲ, ಬೇಜಾರಾಗಲ್ವಾ?"

ಆಗುತ್ತೆ. ಸುಳ್ಳು ಯಾಕೆ ಹೇಳಲಿ? ನಲವತ್ತೆಂಟು ದಾಟಿತು, ಅರೆಮಂಡಿಯಲ್ಲಿ (ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂರುವ ಭಂಗಿ) ಎರಡು ನಿಮಿಷ ಕೂತರೆ ಮಂಡಿ ಚುಳ್ ಅನ್ನುತ್ತೆ. ಆದರೆ ಸ್ಟೇಜ್ ಬಿಟ್ಟವಳು ಡ್ಯಾನ್ಸನ್ನೇ ಬಿಟ್ಟಳು ಅಂದುಕೊಳ್ಳುತ್ತಾರಲ್ಲ, ಅದಕ್ಕೆ ನನ್ನ ತಕರಾರು.

ಆಗ ಯುರೋಪಿನ ಶಾಸ್ತ್ರೀಯ ನೃತ್ಯ ಬ್ಯಾಲೆಯ ಕಲಾವಿದೆ ತಮಾರಾ ರೋಹೋ ಕಥೆ ಹೇಳುತ್ತೇನೆ. ಭರತನಾಟ್ಯಕ್ಕೂ ಬ್ಯಾಲೆಗೂ ಎಲ್ಲಿಯ ನಂಟು ಅನ್ನಬೇಡಿ, ಮಂಡಿ ನೋವು ಇಬ್ಬರಿಗೂ ಒಂದೇ. 1974ರಲ್ಲಿ ಕೆನಡಾದಲ್ಲಿ ಹುಟ್ಟಿ, ಮ್ಯಾಡ್ರಿಡ್‌ನಲ್ಲಿ ಬೆಳೆದವರು. 2000ದಲ್ಲಿ ಲಂಡನ್ನಿನ ರಾಯಲ್ ಬ್ಯಾಲೆ ತಂಡ ಸೇರಿ ದೊಡ್ಡ ಪಾತ್ರಗಳನ್ನೆಲ್ಲ ಕುಣಿದರು. 2012ರಲ್ಲಿ ಇಂಗ್ಲಿಷ್ ನ್ಯಾಷನಲ್ ಬ್ಯಾಲೆಗೆ ಆರ್ಟಿಸ್ಟಿಕ್ ಡೈರೆಕ್ಟರ್ ಆದರು. (ಸಿನಿಮಾಕ್ಕೆ ಸೆಟ್ ಹಾಕಿಸುವವರಲ್ಲ. ಈ ವರ್ಷ ಯಾವ ಪ್ರಸಂಗ, ಯಾರಿಗೆ ಯಾವ ವೇಷ, ಹೊಸಬರು ಯಾರು ಎಂದು ಗೊತ್ತು ಮಾಡುವ ಮೇಳದ ಯಜಮಾನರಿದ್ದ ಹಾಗೆ.) ಆಮೇಲೂ ವರ್ಷಗಟ್ಟಲೆ ತಾವೇ ಕುಣಿಯುತ್ತಿದ್ದರು.

ಆದರೆ ನನಗೆ ಅವರ ಕುಣಿತಕ್ಕಿಂತ ಇನ್ನೊಂದು ಜಾಸ್ತಿ ಇಷ್ಟ. ಕಥಕ್ ಕಲಿತ ಅಕ್ರಂ ಖಾನ್ ಅವರನ್ನು ಕರೆಸಿ, 1841ರ 'ಜಿಸೆಲ್' ಬ್ಯಾಲೆಯನ್ನು 2016ರಲ್ಲಿ ಹೊಸದಾಗಿ ಕಟ್ಟಿಸಿದರು. ಹಳ್ಳಿ ಹುಡುಗಿ ಜಿಸೆಲ್ ಅದರಲ್ಲಿ ಗಾರ್ಮೆಂಟ್ಸ್ ಕೆಲಸದವಳು! ನಮ್ಮಲ್ಲೂ ಬೆಳಿಗ್ಗೆ ಬಸ್ಸು ಹಿಡಿದು ಗಾರ್ಮೆಂಟ್ಸ್‌ಗೆ ಹೋಗುವವರಿದ್ದಾರೆ. ದಿನಾ ನೋಡಿಯೂ ನನಗೆ ಹೊಳೆದಿರಲಿಲ್ಲ. 2022ರ ಕೊನೆಗೆ ರೋಹೋ ಸ್ಯಾನ್ ಫ್ರಾನ್ಸಿಸ್ಕೊ ಬ್ಯಾಲೆಗೆ ಹೋದರು. ಅಲ್ಲಿ ಆರ್ಟಿಸ್ಟಿಕ್ ಡೈರೆಕ್ಟರ್ ಹುದ್ದೆಗೆ ಬಂದ ಮೊದಲ ಹೆಂಗಸು ಅವರೇ.

ನನ್ನದು ಹದಿನೆಂಟು ಮಕ್ಕಳ ಕ್ಲಾಸು ಅಷ್ಟೇ. ಮಳೆಗಾಲದಲ್ಲಿ ಗೆಜ್ಜೆಯ ಚರ್ಮಕ್ಕೆ ಬೂಷ್ಟು ಹಿಡಿಯುತ್ತೆ, ಬಚ್ಚಲ ಒಲೆ ಹತ್ತಿರ ತೂಗುಹಾಕಿ ಅಂತ ಹೇಳಿ ಹೇಳಿ ಸಾಕಾಗಿದೆ. ಹೋದ ವರ್ಷ ಕುವೆಂಪು ರಂಗಮಂದಿರದಲ್ಲಿ ತಿಲ್ಲಾನ (ಕಾರ್ಯಕ್ರಮದ ಕೊನೆಯ ಚುರುಕಿನ ನೃತ್ಯ) ನಡೆಯುವಾಗ ಒಬ್ಬಳ ಎಡಗಾಲ ಗೆಜ್ಜೆಪಟ್ಟಿ ಕಿತ್ತೇ ಹೋಯಿತು. ಹುಡುಗಿ ಬೆದರಿ ನನ್ನ ಕಡೆ ನೋಡಿದಳು. ನಾನು ನಟ್ಟುವಾಂಗದ (ಕುಣಿಸುವವರು ಕೈಯಲ್ಲಿ ಹಿಡಿದು ತಟ್ಟುವ) ತಾಳ ಜೋರು ಮಾಡಿದೆ, ಹೆಜ್ಜೆಯ ಸೊಲ್ಲುಗಳನ್ನು ಬಾಯಿಬಿಟ್ಟು ಹೇಳಿದೆ. ಬಿದ್ದ ಗೆಜ್ಜೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಒಂದೇ ಗೆಜ್ಜೆಯಲ್ಲಿ ಕೊನೆಯ ತೀರ್ಮಾನದ ಮುಕ್ತಾಯದ ಹೆಜ್ಜೆಗಳನ್ನು ತಾಳದ ಸಮಕ್ಕೆ (ಮೊದಲ ಪೆಟ್ಟಿಗೆ) ತಂದು ನಿಲ್ಲಿಸಿದಳು.

ಪರದೆ ಬಿದ್ದ ಮೇಲೆ ಅವಳ ಅಜ್ಜಿ ಬಂದರು. ಮೊಮ್ಮಗಳ ದೃಷ್ಟಿ ತೆಗೆದು, ನನ್ನ ಕೈ ಹಿಡಿದು ಕೇಳಿದರು: "ಹೌದೇನಮ್ಮಾ, ನೀನು ಈಗ ಕುಣಿಯಲ್ವಾ?"