ಅಣ್ಣನ ಮಗನಿಗೆ ತ್ರೀ-ನಾಟ್-ತ್ರೀ ಕಲಿಸಬಹುದೇನ್ರಿ?

ಹುಬ್ಬಳ್ಳಿ, ಗದಗ ಕಡೆಯ ಪರಿಚಿತರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಇದು: "ಅಣ್ಣನ ಮಗಗ ಹನ್ನೆರಡು ತುಂಬ್ಯಾವ. ಹಳೇ ಮಿಲಿಟರಿ ರೈಫಲ್ ಅಂದ್ರ ಹುಚ್ಚು. ತ್ರೀ-ನಾಟ್-ತ್ರೀ ಹೊಡಿಯೂದು ಕಲಸ್ಬೇಕಂದ್ರ ಎಲ್ಲಿಂದ ಶುರು ಮಾಡೂದ್ರಿ?"

ತ್ರೀ-ನಾಟ್-ತ್ರೀಯಿಂದ, ಅಂದರೆ .303 ಗುಂಡಿನ ಲೀ-ಎನ್‌ಫೀಲ್ಡ್ ಮಿಲಿಟರಿ ರೈಫಲ್‌ನಿಂದ, ಖಂಡಿತ ಅಲ್ಲ. 2016ರ ಆಯುಧ ನಿಯಮಗಳು .303 ಮತ್ತು 7.62 ಮಿ.ಮೀ. ಬೋಲ್ಟ್ ರೈಫಲ್‌ಗಳನ್ನು (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಂಬ ಹಿಡಿ ಎಳೆದು ದೂಡುವಂಥವು) ನಿರ್ಬಂಧಿತ ವರ್ಗದಲ್ಲಿ ಇಟ್ಟಿವೆ. ಬಂಗಾಳದ ಇಛಾಪುರ ಕಾರ್ಖಾನೆಯ ಲೀ-ಎನ್‌ಫೀಲ್ಡ್ ಆಗಲಿ, 1960ರ ದಶಕದಲ್ಲಿ ಅಲ್ಲಿಯೇ 7.62ಕ್ಕೆಂದು ಮಾಡಿದ 2ಎ ಎಂಬ ರೈಫಲ್ ಆಗಲಿ ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ಲೈಸೆನ್ಸಿಗೆ ಸಿಗುವುದು ಅದೇ ಬೋಲ್ಟಿನ ವಂಶದ .315 ಸ್ಪೋರ್ಟಿಂಗ್ ರೈಫಲ್; ಅದೂ 21 ತುಂಬಿದವರಿಗೆ. ಹುಡುಗರಿಗೆ ಕಾನೂನು ಬಿಟ್ಟಿರುವ ದಾರಿ ಎರಡು. 12 ತುಂಬಿದವರು ತರಬೇತಿಗೆಂದು, ತರಬೇತುದಾರ ಅಥವಾ ಲೈಸೆನ್ಸುದಾರ ಪಕ್ಕದಲ್ಲಿಯೇ ಇದ್ದು ನೋಡಿಕೊಳ್ಳುವಾಗ, ಬಂದೂಕು ಬಳಸಬಹುದು. ಇನ್ನು 4.5 ಮಿ.ಮೀ. ಬೋರು (ನಳಿಗೆಯ ಒಳ ಅಗಲ), 20 ಜೌಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಲೈಸೆನ್ಸೇ ಬೇಡ.

ಏರ್ ರೈಫಲ್ ಅಂದ ಕೂಡಲೇ ಮುಖ ಸಣ್ಣದು ಮಾಡುವವರಿದ್ದಾರೆ. ಲೆಕ್ಕ ನೋಡಿ: ಏರ್ ರೈಫಲ್ ಹೆಚ್ಚೆಂದರೆ 20 ಜೌಲ್, .22 (ತರಬೇತಿಯ ಸಣ್ಣ ಗುಂಡಿನ ರೈಫಲ್) ಸುಮಾರು 140, .303 ಮೂರು ಸಾವಿರಕ್ಕೂ ಮೇಲೆ. ಆ ಒದೆತ ಮತ್ತು ಸದ್ದನ್ನು ಮೊದಲ ದಿನವೇ ತಿಂದ ಹುಡುಗ ಮುಂದೆ ಟ್ರಿಗರ್ ಒತ್ತುವ ಮುಂಚೆಯೇ ಕಣ್ಣು ಮುಚ್ಚಿ ಭುಜ ಬಿಗಿಯುತ್ತಾನೆ. ಆ ರೂಢಿ ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಬೆಳೆ ರಕ್ಷಣೆಯ ಲೈಸೆನ್ಸಿನ 12 ಬೋರನ್ನು ಹುಡುಗರ ಕೈಗೆ ಕೊಟ್ಟು ನಗುವ ಮಾಮಾಗಳು ಮಾಡುವುದು ಇದನ್ನೇ.

ಗುರಿ ಹಿಡಿಯುವ ಪದ್ಧತಿ ಮಾತ್ರ ಏರ್ ರೈಫಲ್, ತ್ರೀ-ನಾಟ್-ತ್ರೀ ಎರಡಕ್ಕೂ ಒಂದೇ. 1907ರ ಲೀ-ಎನ್‌ಫೀಲ್ಡ್‌ನಲ್ಲಿ ಹಿಂದೆ ನಡುವೆ ಕಚ್ಚು ಇರುವ ಬ್ಯಾಕ್‌ಸೈಟ್, ಮುಂದೆ ಚಪ್ಪಟೆ ಪಟ್ಟಿಯ ಫೋರ್‌ಸೈಟ್. ಆದ್ದರಿಂದ ಓಪನ್ ಸೈಟ್ ಏರ್ ರೈಫಲ್ ತಗೊಳ್ಳಿ. ಹಳೇ ರೈಫಲ್ ಕಲಿಯುವ ಆಸೆ ಇದ್ದವನಿಗೆ ಟೆಲಿಸ್ಕೋಪ್ ಕೊಡಿಸಿದರೆ ದುಡ್ಡು ದಂಡ. ಪಟ್ಟಿ ಕಚ್ಚಿನ ನಡುವೆ ನಿಲ್ಲಬೇಕು, ಎರಡೂ ಬದಿಗೆ ಸಮ ಬೆಳಕು ಕಾಣಬೇಕು, ಪಟ್ಟಿಯ ತುದಿ ಕಚ್ಚಿನ ಅಂಚಿಗೆ ಸಮ ಇರಬೇಕು. ಕಣ್ಣಿನ ನೋಟ ಫೋರ್‌ಸೈಟ್ ಮೇಲೆ. ಗುರಿಹಲಗೆ ಮಬ್ಬಾಗಿ ಕಂಡರೆ ಚಿಂತೆಯಿಲ್ಲ. ಎಲ್ಲರೂ ತಪ್ಪುವುದು ಇಲ್ಲಿಯೇ: ಹುಡುಗ ಕಪ್ಪು ಚುಕ್ಕೆಯನ್ನೇ ದಿಟ್ಟಿಸುತ್ತಾನೆ, ಅತ್ತ ಫೋರ್‌ಸೈಟ್ ಸರಿದದ್ದು ಕಾಣುವುದೇ ಇಲ್ಲ. ಲೀ-ಎನ್‌ಫೀಲ್ಡ್‌ನಲ್ಲಿ ಎರಡು ಸೈಟ್‌ಗಳ ನಡುವೆ ಸುಮಾರು ಅರ್ಧ ಮೀಟರ್ ಅಂತರ. ಅರ್ಧ ಮಿ.ಮೀ. ಸರಿದರೂ 10 ಮೀಟರಿನಲ್ಲಿ ಗುಂಡು 1 ಸೆಂ.ಮೀ. ಆಚೆ, 100 ಮೀಟರಿನಲ್ಲಿ 10 ಸೆಂ.ಮೀ. ಆಚೆ. ಏರ್ ರೈಫಲ್‌ನಲ್ಲಿ ಆ ಅಂತರ ಕಡಿಮೆ, ಹಾಗಾಗಿ ತಪ್ಪು ಇನ್ನೂ ದೊಡ್ಡದಾಗಿಯೇ ತೋರುತ್ತದೆ. ಕಲಿಯುವವನಿಗೆ ಅದು ಒಳ್ಳೆಯದು.

ಕೊಳ್ಳುವ ಮುಂಚೆ ಅಳತೆ ನೋಡಿ. ಬಟ್ಟನ್ನು (ಭುಜಕ್ಕೆ ಆನಿಸುವ ಹಿಂತುದಿಯನ್ನು) ಮೊಣಕೈ ಮಡಿಕೆಗೆ ಇಟ್ಟಾಗ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್ ಮುಟ್ಟಬೇಕು. ಮುಟ್ಟದಿದ್ದರೆ ಹುಡುಗ ಕುತ್ತಿಗೆ ಚಾಚಿ ಹೊಡೆಯುತ್ತಾನೆ, ಪ್ರತಿ ಸಲ ಕೆನ್ನೆ ಬೇರೆ ಬೇರೆ ಜಾಗಕ್ಕೆ ಕೂಡುತ್ತದೆ. ಯಾವ ಕಣ್ಣು ಗಟ್ಟಿ ಎಂದೂ ಪರೀಕ್ಷಿಸಿ: ಎರಡೂ ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ ದೂರದ ದೀಪ ನೋಡಲಿ, ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣಿಗೆ ದೀಪ ಉಳಿಯಿತೋ ಆ ಕಡೆಯ ಭುಜಕ್ಕೆ ರೈಫಲ್.

ಹಿತ್ತಲಲ್ಲಿ ಜಾಗ ಮಾಡುವವರು ಗುರಿಯ ಹಿಂದೆ ಏನಿದೆ ಎಂಬುದರಿಂದ ಶುರು ಮಾಡಿ. ಹಲಗೆ, ಗಟ್ಟಿ ಕಟ್ಟಿಗೆ, ತಗಡಿಗೆ ಬಡಿದ ಸೀಸದ ಗುಳಿಗೆ 10 ಮೀಟರಿನಿಂದಲೂ ಕಣ್ಣಿಗೆ ವಾಪಸು ಬರಬಹುದು. ಆಳವಾದ ರಟ್ಟಿನ ಡಬ್ಬಿಯಲ್ಲಿ ಹಳೇ ಬಟ್ಟೆ ಗಿಡಿದು ತುಂಬಿ, ಅದರ ಹಿಂದೆ ಮಣ್ಣಿನ ಗೋಣಿಚೀಲದ ಗೋಡೆ ಕಟ್ಟಿ. ಚೀಲಕ್ಕೆ ಜರಡಿ ಹಿಡಿದ ಎರೆಮಣ್ಣು ಒಳ್ಳೆಯದು. ಮಸಾರಿ ಮಣ್ಣಿನಲ್ಲಿ ಬೆಣಚುಕಲ್ಲು ಇರುತ್ತವೆ, ಅವಕ್ಕೆ ಬಡಿದದ್ದು ಎತ್ತ ಹಾರುತ್ತದೋ ಹೇಳಲಾಗದು. ಹೊಡೆಯುವವ, ನೋಡುವವ ಇಬ್ಬರಿಗೂ ಕನ್ನಡಕ. ಆಷಾಢದ ಗಾಳಿಗೆ ಅರ್ಧ ಗ್ರಾಂ ತೂಕದ ಗುಳಿಗೆ ಸರಿಯುತ್ತದೆ. ಆಗ ಹುಡುಗನನ್ನು ಬೈಯಬೇಡಿ, ಪಡಸಾಲೆಗೆ ಬನ್ನಿ. ಗಿಳಿ, ಪಾರಿವಾಳಕ್ಕೆ ಗುರಿ ಇಟ್ಟ ದಿನ ರೈಫಲ್ ಕಪಾಟಿನೊಳಗೆ.

ನಳಿಗೆಯನ್ನು ಕೀಲಿನಲ್ಲಿ ಮಡಿಚಿ ಗುಳಿಗೆ ತುಂಬುವ ಸ್ಪ್ರಿಂಗ್ ಏರ್ ರೈಫಲ್‌ಗೆ ಎರಡು ಮಾತು ಬೇರೆ. ಗುಳಿಗೆ ಇಡುವಷ್ಟೂ ಹೊತ್ತು ಒಂದು ಕೈ ನಳಿಗೆಯ ಮೇಲೆ ಬಿಗಿಯಾಗಿರಲಿ. ಟ್ರಿಗರ್ ಜಾರಿದರೆ ನಳಿಗೆ ಚಿಮ್ಮಿ ಬೆರಳು ಮುರಿಯುತ್ತದೆ. ಗುಳಿಗೆ ಇಲ್ಲದೆ ಟ್ರಿಗರ್ ಒತ್ತಬಾರದು, ಪಿಸ್ಟನ್ ಸೀದಾ ತುದಿಗೆ ಬಡಿದು ಹಾಳಾಗುತ್ತದೆ. ಅದರ ಒದೆತ ಹಿಂದಕ್ಕೂ ಮುಂದಕ್ಕೂ ಇರುವುದರಿಂದ ಗಟ್ಟಿಯಾಗಿ ಅಪ್ಪಿಕೊಂಡರೆ ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಳಿಗೆಗಳ ಗುಂಪು) ಚೆದುರುತ್ತದೆ. ಮುಂದಿನ ಕೈಯ ಅಂಗೈ ಮೇಲೆ ಸುಮ್ಮನೆ ಕೂಡಿಸಬೇಕು.

ಮೊದಲ ವಾರಗಳು ಬೋರಲು ಮಲಗಿ, ಮುಂಗೈ ಕೆಳಗೆ ಮರಳಿನ ಚೀಲ ಇಟ್ಟು. ಅರ್ಧ ಉಸಿರು ಬಿಟ್ಟು ನಿಲ್ಲಿಸಿ ಏಳೆಂಟು ಸೆಕೆಂಡಿನೊಳಗೆ ಹೊಡೆಯಬೇಕು. ಅಷ್ಟರಲ್ಲಿ ಆಗದಿದ್ದರೆ ಬೆರಳು ತೆಗೆದು ಮತ್ತೆ ಉಸಿರಾಡಲಿ. ಐದು ಐದು ಗುಳಿಗೆಯ ಗ್ರೂಪ್ ಹೊಡೆಸಿ, ನಡುಚುಕ್ಕೆಗೆ ಬಿತ್ತೋ ಇಲ್ಲವೋ ನೋಡಬೇಡಿ, ಐದೂ ಒಂದೆಡೆ ಬಿದ್ದವೋ ನೋಡಿ. ಮೇಲೆ ಕೆಳಗೆ ಸಾಲಾಗಿ ಬಿದ್ದರೆ ಉಸಿರು ಅಥವಾ ಫೋರ್‌ಸೈಟಿನ ಎತ್ತರ. ಅಡ್ಡ ಸಾಲಾದರೆ ಪಟ್ಟಿ ಕಚ್ಚಿನ ನಡುವೆ ಇಲ್ಲ, ಇಲ್ಲವೇ ರೈಫಲ್ ವಾಲಿದೆ. ಗ್ರೂಪ್ ಬಿಗಿಯಾದ ಮೇಲಷ್ಟೇ ಸೈಟ್ ತಿರುಗಿಸಿ. ಮೂವತ್ತು ನಲವತ್ತು ಗುಳಿಗೆ ಸಾಕು. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಮಿರ್ಚಿ ಭಜಿ ಮುಟ್ಟಗೊಡಬೇಡಿ, ಸೀಸ ಅದು.

ಇಷ್ಟಾದ ಮೇಲೆ .22. ಸಾಲಿಯಲ್ಲಿ ಎನ್‌ಸಿಸಿ ಇದ್ದರೆ ಅದೇ ಸುಲಭದ ದಾರಿ; ಇಲ್ಲವಾದರೆ ರೈಫಲ್ ಕ್ಲಬ್. ಅಲ್ಲಿ 'ಭರ್' (ತುಂಬು), 'ಖಾಲಿ ಕರ್' (ಖಾಲಿ ಮಾಡು) ಎಂಬ ಹುಕುಂ ಇಲ್ಲದೆ ಬೋಲ್ಟ್ ಮುಟ್ಟುವಂತಿಲ್ಲ, ಮತ್ತು ಆ ಬೋಲ್ಟಿನ ಕೆಲಸವೇ ಅವನು ಕಂಡ ಕನಸಿನ ರೈಫಲ್ಲಿನದೂ. ಖಾಲಿ .22ರ ಟ್ರಿಗರ್ ಒತ್ತಿಸುವಾಗ ಹೊಡೆದ ಗುಂಡಿನ ಖಾಲಿ ಕೇಸ್ (ಹಿತ್ತಾಳೆಯ ಕೊಳವೆ) ಒಂದನ್ನು ಒಳಗಿಡಿ; ಇಲ್ಲದಿದ್ದರೆ ಗುಂಡಿಗೆ ಬಡಿಯುವ ಪಿನ್ ಚೇಂಬರಿನ (ಗುಂಡು ಕೂರುವ ಜಾಗದ) ಅಂಚಿಗೆ ಬಡಿದು ಗುರುತು ಮಾಡುತ್ತದೆ. ಹೆದರಿಕೆಯ ರೂಢಿ ಇದೆಯೋ ನೋಡಲು ಅಂಥ ಖಾಲಿ ಕೇಸನ್ನು ತರಬೇತುದಾರರೇ ಅವನಿಗೆ ತಿಳಿಯದಂತೆ ನಡುವೆ ಒಂದು ತುಂಬಲಿ: ಸದ್ದೇ ಇಲ್ಲದೆ ನಳಿಗೆಯ ತುದಿ ಕೆಳಗೆ ಕುಕ್ಕಿದರೆ ಮತ್ತೆ ಏರ್ ರೈಫಲ್‌ಗೆ.